ನೀ ಕುಂಡ್ರು, ನಾ ನೋಡಿ ಬರ್ತೀನಿ

ಶನಿವಾರ, ಅಕ್ಟೋಬರ್ 18

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಶಿರಸಿ ಬಸ್ಸಿನಿಂದ ಇಳಿದವಳು ಬ್ಯಾಗು ಕೆಳಗಿಡುವ ಮೊದಲೇ ನನ್ನ ಮುಖ ನೋಡಿ, "ಯವ್ವಾ, ಶಾವಂತಿಗಿ ಹೂ ಆಗೀಯಲ್ಲೇ!" ಅಂದಳು.

"ತಡವಾಗಿ ಬಂದೆ. ಆರು ವಾರದ ಹಿಂದೆ ಬಂದಿದ್ರೆ ಚೆಂಡು ಹೂವನ್ನೇ ನೋಡಬಹುದಿತ್ತು" ಅಂದೆ.

ನಮ್ಮಿಬ್ಬರದು ಧಾರವಾಡದ ಹಾಸ್ಟೆಲ್ ಸ್ನೇಹ. ಒಂದೇ ಕೋಣೆ, ಒಂದೇ ಬಕೆಟ್ಟು, ಎರಡು ವರ್ಷ. ಅವಳ ಊರು ವಿಜಯಪುರ, ಕೆಲಸ ಪುಣೆಯಲ್ಲಿ. ನನ್ನ ಕೆಲಸ ಬೆಂಗಳೂರಲ್ಲಿ, ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿ. "ಮಲೆನಾಡಿನ ದೊಡ್ಡಬ್ಬ ಹೆಂಗಿರುತ್ತೆ ಅಂತ ತೋರಿಸ್ತೀನಿ, ಬಾ" ಎಂದು ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದೆ. ನಮ್ಮಲ್ಲಿ ದೀಪಾವಳಿಗೆ ದೊಡ್ಡಬ್ಬ ಅಂತಲೇ ಹೆಸರು. ಅವಳಿಗೆ ಈ ವರ್ಷ ರಜೆ ಸಿಕ್ಕಿತು. ನನಗೆ ಕಾಮಾಲೆ ಸಿಕ್ಕಿತು.

ಸೆಪ್ಟೆಂಬರ್ ಮೊದಲ ವಾರ ಸಣ್ಣ ಜ್ವರ, ವಾಕರಿಕೆ. ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಮೇಲೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ಕಣ್ಣು ಹಳದಿ. ಹೆಪಟೈಟಿಸ್ ಎ ಅಂತ ಗೊತ್ತಾಯಿತು. ಬಿಲಿರುಬಿನ್ 11.2 ಇತ್ತು. ಸಾಮಾನ್ಯವಾಗಿ 1.2ರ ಒಳಗಿರಬೇಕಂತೆ. ಇದಕ್ಕೆ ಅಂತಲೇ ಔಷಧಿ ಇಲ್ಲ, ಲಿವರ್ ತಾನೇ ಸರಿಹೋಗುತ್ತೆ, ವಿಶ್ರಾಂತಿ ಬೇಕು ಎಂದರು ಡಾಕ್ಟರು. ಕೊಳಕು ನೀರು, ಕೊಳಕು ಆಹಾರದಿಂದ ಬರುವ ವೈರಸ್ಸು ಇದು. ಒಳಗೆ ಹೋದ ಮೇಲೆ ಎರಡರಿಂದ ಏಳು ವಾರ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಯಾವ ನೀರು, ಯಾವ ಹೋಟೆಲ್ಲು ಅಂತ ಹೇಳೋದು ಕಷ್ಟ. ಅಮ್ಮ ಮಾತ್ರ ಪಾನಿಪುರಿ ಅಂತ ತೀರ್ಪು ಕೊಟ್ಟಾಗಿದೆ. ಮೇಲ್ಮನವಿ ಇಲ್ಲ.

ಈಗ ಬಿಲಿರುಬಿನ್ 2.1. ಕಣ್ಣು ಬಹುಪಾಲು ಬೆಳ್ಳಗಾಗಿದೆ. ಆದರೆ ಮೈಯಲ್ಲಿ ಕಸುವಿಲ್ಲ. ಬಚ್ಚಲುಮನೆಗೆ ಹೋಗಿ ಬಂದರೂ ಜಗಲಿಯಲ್ಲಿ ಐದು ನಿಮಿಷ ಕೂರಬೇಕು. ತೂಕ ಏಳು ಕೆಜಿ ಇಳಿದಿದೆ. ಮೊದಲಾಗಿದ್ರೆ ಖುಷಿಪಡ್ತಿದ್ದೆನೇನೋ. "ಈ ವರ್ಷ ಬೇಡ, ನಿನ್ನನ್ನು ಎಲ್ಲಿಗೂ ಕರಕೊಂಡು ಹೋಗೋಕೆ ಆಗಲ್ಲ" ಎಂದು ಫೋನ್ ಮಾಡಿದ್ದೆ. ಆ ಕಡೆಯಿಂದ ಬಂದ ಉತ್ತರ: "ಕಾಮಣಿ ಬಂದಿದ್ದು ನಿನಗ. ನನಗ ಕಾಲು ಗಟ್ಟಿ ಅದಾವ. ನೀ ಕುಂಡ್ರು, ನಾ ನೋಡಿ ಬಂದು ಹೇಳ್ತೀನಿ."

ಆರು ದಿನವೂ ಹಾಗೇ ನಡೆಯಿತು. ಒಂದು ರಾತ್ರಿ ಬಿಟ್ಟು.

ಅವಳ ಮೂರು ಬ್ಯಾಗುಗಳಲ್ಲಿ ಒಂದರ ತುಂಬ ಖಡಕ್ ರೊಟ್ಟಿ. ಅವಳ ಅವ್ವ ವಿಜಯಪುರದಿಂದ ಪುಣೆಗೆ ಕಳಿಸಿದ್ದು, ಪುಣೆಯಿಂದ ರೈಲಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ಎರಡು ಬಸ್ಸು ಹತ್ತಿ ಸಾಗರಕ್ಕೆ. ಈ ವರ್ಷ ನನಗಿಂತ ಜಾಸ್ತಿ ಆ ರೊಟ್ಟಿಗಳೇ ಊರು ಸುತ್ತಿವೆ.

ನನ್ನ ಪಥ್ಯದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಸಂವಿಧಾನ ಇದ್ದವು. ಡಾಕ್ಟರು ಹೇಳಿದ್ದು: ಒಗ್ಗುವುದನ್ನು ಸ್ವಲ್ಪ ಸ್ವಲ್ಪ ತಿನ್ನು, ಕರಿದದ್ದು ಸದ್ಯಕ್ಕೆ ಬೇಡ, ಕೇಳದೆ ಯಾವ ಮಾತ್ರೆಯನ್ನೂ ನಾಟಿ ಔಷಧಿಯನ್ನೂ ನುಂಗಬೇಡ. ಅಮ್ಮ ಹೇಳಿದ್ದು: ಎಣ್ಣೆ ಇಲ್ಲ, ಖಾರ ಇಲ್ಲ, ಉಪ್ಪು ಅರ್ಧ. ನೆಲನೆಲ್ಲಿ ಕಷಾಯ ಮಾತ್ರ ಡಾಕ್ಟರ ಮಾತಿನಿಂದ ತಪ್ಪಿತು. ಅದಕ್ಕೆ ಅಮ್ಮನಿಗೆ ಇವತ್ತಿಗೂ ಬೇಜಾರಿದೆ. ಆರು ವಾರ ಗಂಜಿ, ಮಜ್ಜಿಗೆ, ಒಂದೆಲಗದ ತಂಬುಳಿ, ಎಳನೀರು. ಎಲ್ಲವೂ ಮೆತ್ತಗೆ. ಹಲ್ಲಿಗೆ ಕೆಲಸವೇ ಇರಲಿಲ್ಲ.

ಅಮ್ಮ ರೊಟ್ಟಿಯೊಂದನ್ನು ತಗೊಂಡು ಬೆಳಕಿಗೆ ಹಿಡಿದು ನೋಡಿದಳು. ಮುರಿದಳು. ಮೂಸಿದಳು.

"ಇದಕ್ಕೆ ಎಂತೆಲ್ಲ ಹಾಕ್ತಾರೆ?"

"ಜ್ವಾಳದ ಹಿಟ್ಟು, ಬಿಸಿ ನೀರು. ಮತ್ತೇನಿಲ್ಲ ನೋಡ್ರಿ."

"ಎಣ್ಣೆ?"

"ಒಂದ ಹನಿನೂ ಇಲ್ರಿ."

ಪರವಾನಗಿ ಸಿಕ್ಕಿತು. ಜೊತೆಗೆ ಬಂದ ಶೇಂಗಾ ಚಟ್ನಿ ಡಬ್ಬಿ ಮಾತ್ರ ಜಪ್ತಿಯಾಗಿ ಅಟ್ಟ ಸೇರಿತು, "ಇನ್ನೊಂದು ತಿಂಗಳು ಅದರ ಹೆಸರೆತ್ತಬೇಡ" ಎಂಬ ಷರತ್ತಿನೊಂದಿಗೆ. ಮಜ್ಜಿಗೆ ಜೊತೆ ರೊಟ್ಟಿ ಕಡಿದೆ. ಕಟುಂ ಅಂತು. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು! ಒಳಗಿನಿಂದ ಅಜ್ಜಿ, "ಹಂಚು ಒಡೀತಾ?" ಅಂತ ಕೂಗಿದಳು.

ಭಾನುವಾರ, ಅಕ್ಟೋಬರ್ 19

ಅಣ್ಣನ ಕಾರಲ್ಲಿ ಇಕ್ಕೇರಿ, ಕೆಳದಿ. ಎರಡೂ ಸಾಗರದ ಪಕ್ಕದಲ್ಲೇ ಇವೆ, ಆದರೆ ಒಂದೊಂದು ದಿಕ್ಕಿಗೆ. ಸ್ಕೂಲಿನಲ್ಲಿದ್ದಾಗ ವರ್ಷಕ್ಕೊಮ್ಮೆಯಾದರೂ ಕರಕೊಂಡು ಹೋಗುತ್ತಿದ್ದರು. ಪುಳಿಯೋಗರೆ ನೆನಪಿದೆ. ದೇವಸ್ಥಾನ ಅಷ್ಟು ನೆನಪಿಲ್ಲ.

ಇಕ್ಕೇರಿಯ ಅಘೋರೇಶ್ವರನ ಎದುರಿಗೆ ಪ್ರತ್ಯೇಕವಾದ ನಂದಿ ಮಂಟಪ ಇದೆ. ಅದರ ಅಂಚಿನ ಕಲ್ಲೇ ನನ್ನ ಆಸನ. ಅವಳು ಒಳಗೆ ಹೋದಳು. ನಾನು ಕೂತು ಗೋಡೆ ನೋಡಿದೆ. ಕೆಲಸವಿಲ್ಲದೆ ಅರ್ಧ ಗಂಟೆ ಒಂದೇ ಕಡೆ ಕೂತರೆ ಗೊತ್ತಾಗುತ್ತೆ, ಆ ಕಲ್ಲು ಒಂದೇ ಬಣ್ಣದ್ದಲ್ಲ. ಮಳೆಗಾಲ ಈಗಷ್ಟೇ ಮುಗಿಯುತ್ತಾ ಬಂದಿದೆ. ಬುಡದಲ್ಲಿ ಪಾಚಿ ಹಸಿರು, ನಡುವೆ ಬೂದಿ, ಸೂರಿನ ಕೆಳಗೆ ನೀರಿಳಿದಲ್ಲಿ ಕಪ್ಪು. ಕಲ್ಲಿನ ಬಿಸಿಲು ಬೆನ್ನಿಗೆ ಹಿತವಾಗಿತ್ತು. ನಂದಿಗೂ ನನಗೂ ಒಂದೇ ಡ್ಯೂಟಿ. ಕೂರೋದು.

ಅವಳು ಒಂದಿಷ್ಟು ಹೊತ್ತಿನ ಮೇಲೆ ಓಡಿ ಬಂದಳು. "ಒಳಗ ನೆಲದ ಮ್ಯಾಲ ಮೂರು ಮಂದಿ ಅಡ್ಡ ಬಿದ್ದಾರ! ಕಲ್ಲಿನಾಗ!"

ಅದು ಗೊತ್ತಿತ್ತು. ಗರ್ಭಗುಡಿಯ ಮುಂದೆ ನೆಲದಲ್ಲಿ ಕೆಳದಿಯ ಮೂವರು ನಾಯಕರ ಉಬ್ಬುಚಿತ್ರಗಳಿವೆ, ದೇವರಿಗೆ ನಮಸ್ಕಾರ ಮಾಡುವ ಹಾಗೆ. ಹೆಸರನ್ನೂ ಕೆತ್ತಿದ್ದಾರೆ. ಬಂದವರು ಅವರನ್ನು ದಾಟಿಕೊಂಡೇ ಹೋಗಬೇಕು. ರಾಜರು ತಾವೇ ಹಾಗೆ ಮಾಡಿಸಿಕೊಂಡದ್ದು ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಕಡೆ ರಾಜರು ಮಲಗಿದ ಮ್ಯಾಲ ಗುಮ್ಮಟ ಕಟ್ಟಿಸ್ಕೋತಾರ" ಅಂದಳು.

ಅವಳಿಗೆ ಏನು ನೋಡಿದರೂ ಅಳತೆಗೋಲು ಗೋಳಗುಮ್ಮಟವೇ. ಸರಿ, ನಾನೂ ಬಿಡಲಿಲ್ಲ. ಆ ಗುಮ್ಮಟ ಯಾರದ್ದು? ಮುಹಮ್ಮದ್ ಆದಿಲ್ ಶಾಹನದ್ದು. 1637-38ರ ಹೊತ್ತಿಗೆ ಅದೇ ಆದಿಲ್ ಶಾಹನ ಸೈನ್ಯ ರಣದುಲ್ಲಾ ಖಾನನ ಜೊತೆ ಇಕ್ಕೇರಿಗೆ ನುಗ್ಗಿತ್ತು. ಆಗಿನ ನಾಯಕ ವೀರಭದ್ರ. ಅವನು ಶರಣಾಗಬೇಕಾಯಿತು. ಆಮೇಲೆ ರಾಜಧಾನಿ ಇಲ್ಲಿಂದ ಎದ್ದು ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಹೋಯಿತು. ಇಕ್ಕೇರಿ ಇವತ್ತು ಇಷ್ಟು ಸಣ್ಣ ಊರಾಗಿ, ಇಷ್ಟು ತಣ್ಣಗಿರುವುದಕ್ಕೆ ನಿಮ್ಮೂರಿನವರೂ ಕಾರಣ ಅಂದೆ.

"ಹಂಗಾರ ನಾ ರೊಟ್ಟಿ ತಂದಿದ್ದು ಬರೋಬರಿ ಆತು ಬಿಡು" ಅಂದಳು. "ಕಪ್ಪ ಕಾಣಿಕೆ."

ಕೆಳದಿಯಲ್ಲಿ ನಾನು ಕಾರಿನಿಂದ ಇಳಿದು ಒಳಗೆ ಹೋಗುವ ಧೈರ್ಯ ಮಾಡಿದೆ. ವೀರಭದ್ರನ ಗುಡಿಯ ಚಾವಣಿಯಲ್ಲಿ ಗಂಡಭೇರುಂಡ ಇದೆ, ಅದನ್ನು ನೋಡಲು ಕತ್ತು ಮೇಲೆತ್ತಬೇಕು. ಎತ್ತಿದೆ. ತಲೆ ಸುತ್ತಿ ಎರಡು ತಲೆಯ ಹಕ್ಕಿಗೆ ನಾಲ್ಕು ತಲೆ ಕಂಡವು. ಕಂಬ ಹಿಡಿದು ಕೂತೆ. ಅಲ್ಲೇ ಕೂತು ಅವಳಿಗೆ ಕೆಳದಿಯ ರಾಣಿ ಚೆನ್ನಮ್ಮನ ಕಥೆ ಹೇಳಿದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆ ಹೋಗುವಾಗ ಅವನಿಗೆ ದಾರಿ ಮಾಡಿಕೊಟ್ಟವಳು ಇವಳು. ಔರಂಗಜೇಬನ ಸೈನ್ಯ ಬೆನ್ನತ್ತಿ ಬಂದಾಗ ಎದುರು ನಿಂತಳು. ಪುಣೆಯ ಆಫೀಸಿನಲ್ಲಿ ಅವಳಿಗೆ ಊಟದ ಹೊತ್ತಿನ ಮಾತಿಗೆ ಒಂದು ವಿಷಯ ಸಿಕ್ಕಿತು. "ನಾಳಿಂದ ಅವರು ನನಗ ಚಹಾ ಕುಡಿಸಬೇಕು" ಅಂತ ಲೆಕ್ಕ ಹಾಕಿದಳು.

ಮನೆಗೆ ಬಂದು ಮೂರು ಗಂಟೆ ನಿದ್ದೆ ಮಾಡಿದೆ. ಅರ್ಧ ದಿನ ತಿರುಗಿದ್ದಕ್ಕೆ ಅಷ್ಟು ದಂಡ.

ಎದ್ದಾಗ ಕತ್ತಲಾಗಿತ್ತು. ನೀರು ತುಂಬುವ ಹಬ್ಬ. ಅಮ್ಮ ಹಂಡೆ ತಿಕ್ಕಿ, ಕೆಮ್ಮಣ್ಣು ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿದ್ದಳು. ಗೆಳತಿ ಎಲ್ಲೂ ಕಾಣಲಿಲ್ಲ. ಕೇಳಿದರೆ, ಪಕ್ಕದ ಮನೆ ಹುಡುಗರ ಜೊತೆ ಬೂರೆಗೆ ಹೋಗಿದ್ದಾಳೆ!

ಬೂರೆ ಗೊತ್ತಿಲ್ಲದವರಿಗೆ: ಈ ರಾತ್ರಿ ಮಲೆನಾಡಿನ ಹಳ್ಳಿಗಳಲ್ಲಿ ಹುಡುಗರು ಕಳ್ಳತನ ಮಾಡುತ್ತಾರೆ. ಸೌತೆಕಾಯಿ, ಎಳನೀರು, ಬಾಳೆಗೊನೆ. ಒಬ್ಬರ ಮನೆ ಅಂಗಳದ ಒನಕೆ ಬೆಳಗಾಗುವುದರೊಳಗೆ ಇನ್ನೊಬ್ಬರ ಮನೆ ಬಾಗಿಲಲ್ಲಿ ಇರುತ್ತದೆ. ಬೂರೆ ಕಳವಿಗೆ ಬಯ್ಯುವ ಹಾಗಿಲ್ಲ. ಬಯ್ಯುವವರು ಇದ್ದೇ ಇರುತ್ತಾರೆ, ಅದು ಬೇರೆ ಮಾತು.

ಹನ್ನೊಂದು ಗಂಟೆಗೆ ಬಂದಳು. ಚೂಡಿದಾರದ ತುದಿ ಪೂರ್ತಿ ಕೆಸರು, ಕೈಯಲ್ಲಿ ಮೊಳದುದ್ದದ ಒಂದು ಸೌತೆಕಾಯಿ. ಮುಖದಲ್ಲಿ ಗೆಲುವು. ಬ್ಯಾಟರಿ ಬೆಳಕಲ್ಲಿ ಆ ಬೇಲಿಗೆ ಕಟ್ಟಿದ ಬೋರ್ಡು ಕಂಡಿತಂತೆ. ಓದಿದರೆ, ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನ ಕಾವಲಿದೆ ಅಂತ. ಅಷ್ಟರಲ್ಲಿ ಸೌತೆಕಾಯಿ ಕೈಗೆ ಬಂದಾಗಿತ್ತು.

"ಹಂಗಂದ್ರ ಏನ?"

ನಮ್ಮ ಕಡೆ ಕಳ್ಳತನ ಆದರೆ ಪೊಲೀಸ್ ಸ್ಟೇಷನ್ನಿಗಿಂತ ಮೊದಲು ಸಿಗಂದೂರಿಗೆ ಹರಕೆ ಹೋಗುತ್ತದೆ ಅಂತ ವಿವರಿಸಿದೆ. ಅವಳ ಗೆಲುವು ಇಳಿಯಿತು. ಬೂರೆಗೆ ವಿನಾಯಿತಿ ಇರುತ್ತೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ.

ಸೋಮವಾರ, ಅಕ್ಟೋಬರ್ 20

ನಸುಕಿಗೆ ಎಣ್ಣೆ ಸ್ನಾನ. "ಎಣ್ಣೆ ಒಳಗೆ ಬೇಡ, ಹೊರಗೆ ಹಚ್ಚಬಹುದು" ಅಂತ ಅಮ್ಮನೇ ತಿದ್ದುಪಡಿ ತಂದಳು. ಬಿಸಿನೀರಿಗೆ ಮೈ ಸಡಿಲವಾಗಿ ಬಲೀಂದ್ರನನ್ನು ಕೂರಿಸುವಾಗ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದೆ. ಪೂರ್ತಿ ದಿನ ಅಷ್ಟೇ.

ಅವಳು ಒಬ್ಬಳೇ ಬಸ್ಸು ಹತ್ತಿ ಜೋಗಕ್ಕೆ ಹೋಗಿ ಬಂದಳು. ಸಾಗರದಿಂದ ಮೂವತ್ತು ಕಿಲೋಮೀಟರು. ಸಂಜೆ ನನ್ನ ಮಂಚದ ತುದಿಯಲ್ಲಿ ಕೂತು ವರದಿ ಒಪ್ಪಿಸಿದಳು. ರಾಜ ಇದ್ದ, ರಾಣಿ ಇದ್ದಳು, ರೋರರ್ ಸಣ್ಣಗೆ, ರಾಕೆಟ್ ಚೂರು. ಒಂದು ಗಂಟೆ ಮಂಜು ಮುಚ್ಚಿ ಏನೂ ಕಾಣಲಿಲ್ಲ. ಬರೀ ಸದ್ದು. 253 ಮೀಟರ್ ಎತ್ತರ ಅಂತ ಬೋರ್ಡಿನಲ್ಲಿ ಓದಿ, ಗುಮ್ಮಟದ ಎತ್ತರದಿಂದ ಭಾಗಿಸಿ ನೋಡಿದ್ದಾಳೆ. ನಾಲ್ಕು ಗೋಳಗುಮ್ಮಟ ಒಂದರ ಮೇಲೊಂದು ಇಟ್ಟರೂ ಜೋಗದ ತಲೆ ಮುಟ್ಟೋದಿಲ್ಲವಂತೆ. ವಿಜಯಪುರದವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರಲಾರದು.

ಮಂಗಳವಾರ, ಅಕ್ಟೋಬರ್ 21

ಸಿಗಂದೂರಿಗೆ ಹೋಗಲೇಬೇಕು ಅಂತ ಅವಳ ಹಟ. ಸೌತೆಕಾಯಿ ಪ್ರಕರಣ ಇತ್ಯರ್ಥ ಆಗಬೇಕಲ್ಲ. "ನಾನೂ ಬರ್ತೀನಿ, ಸೇತುವೆ ನೋಡಿಲ್ಲ" ಎಂದು ಅಜ್ಜಿ ಸೀರೆ ಬದಲಿಸಿ ಮುಂದಿನ ಸೀಟಲ್ಲಿ ಕೂತೇಬಿಟ್ಟಳು.

ಇದನ್ನು ಸ್ವಲ್ಪ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಹಿಂದಕ್ಕೆ ಹರಡಿ ಹಳ್ಳಿಗಟ್ಟಲೆ ಊರು ಮುಳುಗಿದವು. ರಾಜ್ಯಕ್ಕೆಲ್ಲ ಕರೆಂಟು ಬಂತು. ಹೊಳೆಯಾಚೆ ಉಳಿದ ಕರೂರು, ಬಾರಂಗಿ ಹೋಬಳಿಯ ಜನ ಮಾತ್ರ ದ್ವೀಪದಲ್ಲಿದ್ದ ಹಾಗಾದರು. ತುಮರಿಯಿಂದ ಸಾಗರಕ್ಕೆ ಬರಬೇಕಾದರೆ ಲಾಂಚ್ ಹತ್ತಬೇಕು, ಇಲ್ಲವೇ ಕಾಡು ಸುತ್ತಿಕೊಂಡು ಬರಬೇಕು. ಅರವತ್ತು ವರ್ಷ. ಈ ವರ್ಷ, 2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆ ಆಯಿತು. ಸುಮಾರು 2.4 ಕಿ.ಮೀ. ಉದ್ದ, ನಡುವೆ ದಪ್ಪ ಕೇಬಲ್ಲುಗಳಿಂದ ಎತ್ತಿ ಹಿಡಿದದ್ದು.

ಅಜ್ಜಿಯ ತವರು ಆ ನೀರಿನ ಅಡಿಯಲ್ಲಿದೆ. ನೀರು ಬಂದಾಗ ಅವಳಿಗೆ ಹದಿನೇಳು.

ಸೇತುವೆಯ ಮೇಲೆ ಜನ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುತ್ತಿದ್ದರು. ಅಣ್ಣ ನಿಧಾನಕ್ಕೆ ಓಡಿಸಿದ. ಎರಡೂ ಕಡೆ ನೀರು, ನಡುವೆ ಗುಡ್ಡದ ತಲೆಗಳು ದ್ವೀಪದ ಹಾಗೆ. ಗೆಳತಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದಳು. ಅಜ್ಜಿ ಏನಾದರೂ ಹೇಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅರ್ಧ ದಾರಿಗೆ ಬಾಯಿಬಿಟ್ಟಳು.

"ಕಿಟಕಿ ಹಾಕ್ರೇ. ಹುಷಾರಿಲ್ಲದ ಹುಡುಗಿಗೆ ಗಾಳಿ ಬಡೀತದೆ."

ಮುಗಿಯಿತು. ಆಚೆ ದಡ ಬಂತು.

ದೇವಸ್ಥಾನದಲ್ಲಿ ಹಬ್ಬದ ರಶ್ಶು. ನಾನು ಮತ್ತು ಅಜ್ಜಿ ಹೊರಗಿನ ಕಟ್ಟೆಯಲ್ಲಿ ಕೂತೆವು. ಸಾಲಿನಲ್ಲಿ ನಿಲ್ಲುವ ಶಕ್ತಿ ಇಬ್ಬರಿಗೂ ಇಲ್ಲ. ಅಲ್ಲಿ ಕೂತ ಮೇಲೆ ಅಜ್ಜಿ ತಾನಾಗಿ ಮಾತು ತೆಗೆದಳು. ಮನೆ ಬಿಡುವ ದಿನ ಅವಳ ಅಪ್ಪ ಬಾಗಿಲು ಕಿತ್ತು ಗಾಡಿಗೆ ಹಾಕಿದರಂತೆ. ಹೊಸ ಜಾಗದಲ್ಲಿ ಗೋಡೆ ಎದ್ದಿರಲಿಲ್ಲ. ಬಾಗಿಲು ಮಾತ್ರ ಒಂದು ಮರಕ್ಕೆ ಒರಗಿಕೊಂಡು ಎರಡು ಮಳೆಗಾಲ ನಿಂತಿತ್ತಂತೆ. ಬಾಣಂತಿಯೊಬ್ಬಳಿಗೆ ರಾತ್ರಿ ಹುಷಾರು ತಪ್ಪಿ, ಲಾಂಚ್ ಇಲ್ಲದ ಹೊತ್ತು, ದಡದಲ್ಲಿ ಬೆಳಗಿನ ತನಕ ಕಾದ ಕಥೆಯನ್ನೂ ಹೇಳಿದಳು. ಅವಳು ಉಳಿದಳಾ ಅಂತ ಕೇಳಿದೆ. ಅಜ್ಜಿ ಎಲೆ ಅಡಿಕೆ ಚೀಲ ಬಿಚ್ಚಿದಳು. ಮತ್ತೆ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ನನಗೆ ವಾಂತಿ ನಿಲ್ಲದೆ ಒಂದು ರಾತ್ರಿ ಬೆಂಗಳೂರಿನ ಆಸ್ಪತ್ರೆಗೆ ಹೋಗಲು ಆಟೋ ಹನ್ನೆರಡು ನಿಮಿಷ ತಗೊಂಡಿತ್ತು. ಅಷ್ಟು ಹೊತ್ತಾಯ್ತಲ್ಲ ಅಂತ ಸಿಟ್ಟು ಮಾಡಿಕೊಂಡಿದ್ದೆ. ಕಟ್ಟೆಯ ಮೇಲೆ ಕೂತಾಗ ಆ ಹನ್ನೆರಡು ನಿಮಿಷ ನೆನಪಿಗೆ ಬಂತು.

ಗೆಳತಿ ಕುಂಕುಮ ಹಚ್ಚಿಕೊಂಡು ಹಗುರಾಗಿ ಬಂದಳು. "ಹನ್ನೊಂದು ರೂಪಾಯಿ ಹಾಕಿ ತಪ್ಪಾತು ಅಂದೆ. ಸೌತಿಕಾಯಿ ಭಾಳ ರುಚಿ ಇತ್ತು ಅಂತನೂ ಹೇಳಿದೆ."

ವಾಪಸ್ ಬರುವಾಗ ಲಾಂಚ್ ಓಡಾಟ ಎಲ್ಲೂ ಕಾಣಲಿಲ್ಲ. ಅವಳಿಗೆ ಅದರಲ್ಲಿ ಹೋಗುವ ಆಸೆ ಇತ್ತು. "ಹೋದ ವರ್ಷ ಬಂದಿದ್ರ ಸಿಗ್ತಿತ್ತು" ಅಂತ ಪೇಚಾಡಿಕೊಂಡಳು. ಅಜ್ಜಿ ತಿರುಗಿ, "ನೀನು ಒಂದು ಸಲ ಹತ್ತೋದಕ್ಕೆ ಆಸೆ ಪಡ್ತೀಯ ಮಗಾ" ಅಂದಳು. ಬಯ್ಯಲಿಲ್ಲ. ನಕ್ಕೊಂಡೇ ಅಂದಳು. ಆದರೂ ಸೇತುವೆ ಮುಗಿಯುವ ತನಕ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಬುಧವಾರ, ಅಕ್ಟೋಬರ್ 22

ಬಲಿಪಾಡ್ಯಮಿ. ದನಗಳ ದಿನ. ಬೆಳಿಗ್ಗೆಯೇ ಕೊಟ್ಟಿಗೆಯಲ್ಲಿ ಗಲಾಟೆ. ದನಗಳ ಮೈ ತೊಳೆದು, ಲೋಟದ ಬಾಯನ್ನು ಕೆಮ್ಮಣ್ಣಿಗೆ, ಬಿಳಿ ಶೇಡಿಮಣ್ಣಿಗೆ ಅದ್ದಿ ಮೈತುಂಬ ಉಂಗುರ ಒತ್ತುವುದು. ಕೊಂಬಿಗೆ ಬಣ್ಣ. ಕೊರಳಿಗೆ ಅಡಿಕೆ, ಚೆಂಡು ಹೂವು, ಪಚ್ಚೆತೆನೆ ಪೋಣಿಸಿದ ಸರ. ಗೆಳತಿ ಒಬ್ಬಳೇ ಎರಡು ದನಕ್ಕೆ ಉಂಗುರ ಒತ್ತಿದಳು. ದನಕ್ಕಿಂತ ಜಾಸ್ತಿ ಬಣ್ಣ ಅವಳ ಮೈಮೇಲೇ ಇತ್ತು.

ಪೂಜೆ ಆದ ಮೇಲೆ ದನಗಳಿಗೆ ಚಪ್ಪೆ ರೊಟ್ಟಿ ಕೊಡುವುದು ಪದ್ಧತಿ. ಉಪ್ಪು ಹಾಕದ ಅಕ್ಕಿ ರೊಟ್ಟಿ. ಅಮ್ಮ ಒಂದೊಂದಕ್ಕೂ ತಿನ್ನಿಸುತ್ತಾ ಬಂದು, ಕೊನೆಗೆ ಉಳಿದ ಒಂದನ್ನು ನನ್ನ ಕೈಗೆ ಕೊಟ್ಟಳು. "ತಿನ್ನು, ಎಣ್ಣೆ ಇಲ್ಲ, ಉಪ್ಪೂ ಇಲ್ಲ." ಗೆಳತಿ ಕೊಟ್ಟಿಗೆ ಕಂಬ ಹಿಡಿದುಕೊಂಡು ನಕ್ಕಳು. ನನ್ನ ಕೊರಳಿಗೊಂದು ಅಡಿಕೆ ಸರ ಹಾಕಿ ಫೋಟೋ ತೆಗೆದಳು. ಆ ಫೋಟೋ ಈಗ ಧಾರವಾಡದ ಹಾಸ್ಟೆಲ್ ಗುಂಪಿನ ತುಂಬ ಓಡಾಡುತ್ತಿದೆ.

ಮಧ್ಯಾಹ್ನ ಎಲ್ಲರಿಗೂ ಹೋಳಿಗೆ, ನನಗೆ ಹೋಳಿಗೆಯ ಹೂರಣ ಎರಡು ಚಮಚ, ತುಪ್ಪ ಇಲ್ಲದೆ. ಇದೂ ಅಮ್ಮನ ಮಟ್ಟಿಗೆ ದೊಡ್ಡ ಔದಾರ್ಯ.

ಸಂಜೆ ಕೋಲಿಗೆ ಬಟ್ಟೆ ಸುತ್ತಿದ ದೀಪಗಳು. ಬಾವಿಕಟ್ಟೆಗೆ, ತೋಟಕ್ಕೆ, ಗದ್ದೆ ಬದುವಿಗೆ, ಗೊಬ್ಬರಗುಂಡಿಗೂ ಒಂದು. "ದೀಪ್ ದೀಪೋಳ್ಗೆ" ಎಂದು ಕೂಗಿಕೊಂಡು ಅವಳು ಮಕ್ಕಳ ಹಿಂದೆ ಓಡಿದಳು. ನಾನು ಜಗಲಿಯಿಂದ ಎಣಿಸಿದೆ. ಕತ್ತಲಲ್ಲಿ ಗದ್ದೆಯ ಅಂಚು ಎಲ್ಲಿ ತಿರುಗುತ್ತದೆ ಅಂತ ದೀಪಗಳಿಂದ ಕಂಡಿತು.

ರಾತ್ರಿ ಅಂಟಿಗೆ ಪಂಟಿಗೆಯವರು ಬರುವವರಿದ್ದರು. ಇದಕ್ಕೇ ಅವಳು ಎರಡು ದಿನದಿಂದ ಕಾಯುತ್ತಿದ್ದದ್ದು. ದೇವರ ಎದುರು ಹಚ್ಚಿದ ದೀಪ ಹಿಡಿದುಕೊಂಡು ಹಬ್ಬದ ರಾತ್ರಿಗಳಲ್ಲಿ ಮನೆ ಮನೆಗೆ ಹಾಡುತ್ತಾ ಹೋಗುವವರು. ಯಾವ ಮನೆಗೆ ಎಷ್ಟು ಹೊತ್ತಿಗೆ ಅಂತ ಹೇಳಲಾಗದು. "ನೀ ಮಲಕ್ಕೋ. ನಾ ಎಚ್ಚರ ಇರ್ತೀನಿ, ನೋಡಿ ಬೆಳಿಗ್ಗೆ ಹೇಳ್ತೀನಿ" ಅಂದಳು. ಹನ್ನೊಂದೂವರೆಗೆ ಅವಳ ಗೊರಕೆ ಶುರುವಾಯಿತು.

ನನಗೆ ಹಗಲು ನಿದ್ದೆ ಜಾಸ್ತಿಯಾಗಿ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ಒಂದೂವರೆ ಇರಬಹುದು, ತೋಟದ ಕಡೆಯಿಂದ ಹಾಡು ಕೇಳಿತು. ಮೊದಲು ಒಬ್ಬರ ದನಿ, ಹಿಂದೆಯೇ ಐದಾರು ಜನರ ದನಿ. ಅವಳನ್ನು ಅಲುಗಾಡಿಸಿದೆ. "ಹೂಂ, ಬಂದೆ" ಅಂದು ಮಗ್ಗುಲು ಬದಲಿಸಿದಳು. ಇನ್ನೊಮ್ಮೆ ಅಲುಗಾಡಿಸಿದೆ. ಈ ಸಲ ಹೂಂ ಕೂಡ ಇಲ್ಲ.

ಕಂಬಳಿ ಹೊದ್ದು ಹೊರಗೆ ಬಂದೆ. ಅಜ್ಜಿ ಆಗಲೇ ಬಾಗಿಲ ಒಳಗೆ ನಿಂತಿದ್ದಳು. ಬಾಗಿಲು ತೆಗೆಯಲಿಲ್ಲ. ಹೊರಗಿನವರು ಬಾಗಿಲು ತೆಗೆಯುವ ಪದ ಹಾಡಿ ಮುಗಿಸಬೇಕು, ಆಮೇಲೆಯೇ ತೆಗೆಯುವುದು. ಹಾಡು ಬಾಗಿಲ ಆ ಕಡೆ, ನಾವಿಬ್ಬರೂ ಈ ಕಡೆ. ಮರದ ಸಂದಿನಿಂದ ದೀಪದ ಗೆರೆ ಒಳಗೆ ಬಿದ್ದು ಅಜ್ಜಿಯ ಸೀರೆಯ ಮೇಲೆ ಅಲ್ಲಾಡುತ್ತಿತ್ತು. ಅವಳ ತುಟಿ ಹಾಡಿನ ಜೊತೆ ಅಲ್ಲಾಡುತ್ತಿತ್ತು, ದನಿ ಇಲ್ಲದೆ.

ಬಾಗಿಲು ತೆಗೆದಳು. ಎಂಟು ಜನ. ಮುಂದಿನವರ ಕೈಯಲ್ಲಿ ಗಾಳಿಗೆ ಮರೆ ಮಾಡಿಕೊಂಡ ದೀಪ. ಅವರು ದೀಪ ಜಗಲಿಯ ಮೇಲಿಟ್ಟರು. ಅಮ್ಮನೂ ಎದ್ದು ಬಂದಿದ್ದಳು. ಎಣ್ಣೆ ತಂಬಿಗೆ ಅವಳ ಕೈಯಲ್ಲಿತ್ತು. ಅದನ್ನು ನನಗೆ ಕೊಟ್ಟು, "ನೀನು ಹಾಕು" ಅಂದಳು. ಆರು ವಾರದಿಂದ ನನ್ನ ಹತ್ತಿರ ಎಣ್ಣೆ ಸುಳಿಯದ ಹಾಗೆ ನೋಡಿಕೊಂಡವಳು! ನಿಂತು ಕಾಲು ನಡುಗುತ್ತಿತ್ತು. ಬಗ್ಗಿ ಅವರ ದೀಪಕ್ಕೆ ಎಣ್ಣೆ ಹಾಕಿದೆ. ಆ ದೀಪದಿಂದ ನಮ್ಮ ದೀಪ ಹಚ್ಚಿಕೊಂಡೆವು. ಅಜ್ಜಿ ಅಕ್ಕಿ, ಕಾಯಿ, ವೀಳ್ಯ, ದುಡ್ಡು ಕೊಟ್ಟಳು. ಅವರು ಎರಡು ಪದ ಹಾಡಿ ಇಳಿದು ಹೋದರು. ಮುಂದಿನ ಮನೆಯ ನಾಯಿ ಬೊಗಳಿದ್ದು ಕೇಳಿತು. ಆಮೇಲೆ ಅಲ್ಲೂ ಬಾಗಿಲ ಪದ ಶುರುವಾಯಿತು.

ಅಷ್ಟು ಹೊತ್ತೂ ನಿಂತೇ ಇದ್ದೆ ಅಂತ ಗೊತ್ತಾದದ್ದು ಕೂತ ಮೇಲೆ.

ಗುರುವಾರ, ಅಕ್ಟೋಬರ್ 23

"ಯಾಕ ಎಬ್ಬಿಸಲಿಲ್ಲ?" ಎಂದು ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಳು.

"ಎರಡು ಸಲ ಎಬ್ಬಿಸಿದೆ."

"ಮೂರನೇ ಸಲ ನೀರು ಹಾಕಬೇಕಿತ್ತು."

"ನೀ ಮಲಗು, ನಾ ನೋಡಿ ಬಂದು ಹೇಳ್ತೀನಿ" ಅಂದೆ. ದಿಂಬು ಹಾರಿ ಬಂತು. ಆಮೇಲೆ ಕೂರಿಸಿಕೊಂಡು ಮೊದಲಿಂದ ಎಲ್ಲ ಹೇಳಿದೆ. ಬಾಗಿಲ ಸಂದಿನ ಬೆಳಕು, ಎಂಟು ಜನ, ಎಣ್ಣೆ ತಂಬಿಗೆ. ಅವಳು ಪ್ರಶ್ನೆ ಕೇಳಿದ ಹಾಗೆಲ್ಲ ನನಗೆ ಇನ್ನಷ್ಟು ನೆನಪಾಯಿತು. ಒಬ್ಬರ ಕಾಲಲ್ಲಿ ಎರಡು ಬೇರೆ ಬೇರೆ ಬಣ್ಣದ ಚಪ್ಪಲಿ ಇತ್ತು.

ಮನೆಯಲ್ಲಿ ಇವತ್ತು ಕೋಳಿ ಕಜ್ಜಾಯ. ಅವಳು ಸಸ್ಯಾಹಾರಿ, ನಾನು ಪಥ್ಯದವಳು. ಇಬ್ಬರಿಗೂ ಹಿತ್ತಿಲ ಕಟ್ಟೆಯಲ್ಲಿ ಗಂಜಿ, ಮಜ್ಜಿಗೆ, ಉಳಿದ ರೊಟ್ಟಿ. ಒಳಗಿನಿಂದ ಮಸಾಲೆಯ ಘಮ ಬಂತು. ಹೊಟ್ಟೆ ತೊಳಸಲಿಲ್ಲ. ಹಸಿವಾಯಿತು! ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಕಾನೂನು ಬರುತ್ತಿತ್ತು.

ಶುಕ್ರವಾರ, ಅಕ್ಟೋಬರ್ 24

ಬೆಳಗಿನ ಬಸ್ಸಿಗೆ ಹೊರಟಳು. ಮೊದಲು ಹುಬ್ಬಳ್ಳಿ, ಅಲ್ಲಿಂದ ಊರಿಗೆ. ರೊಟ್ಟಿಯ ಬ್ಯಾಗು ಈಗ ಅಡಿಕೆ, ಬಾಳೆಕಾಯಿ, ಜೋನಿ ಬೆಲ್ಲದ ಬಾಟಲಿಯಿಂದ ಭಾರವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಣ್ಣ ರೆಪ್ಪೆ ಎಳೆದು ನೋಡಿ, "ಬೆಳ್ಳಗ ಆಗ್ಯಾವ. ಶಾವಂತಿಗಿ ಹೋಗಿ ಮಲ್ಲಿಗಿ" ಅಂತ ಸರ್ಟಿಫಿಕೇಟ್ ಕೊಟ್ಟಳು.

ಮಧ್ಯಾಹ್ನ ಮಲಗಿದ್ದಾಗ ಫೋನು. ಹಿನ್ನೆಲೆಯಲ್ಲಿ ಹುಬ್ಬಳ್ಳಿಯ ಗದ್ದಲ.

"ದಿಂಬಿನ ಕವರ್‌ನಾಗ ಕೈ ಹಾಕು."

ಹಾಕಿದೆ. ಬಾಳೆ ಎಲೆಯ ಸಣ್ಣ ಪೊಟ್ಟಣ, ದಾರ ಸುತ್ತಿದ್ದು. ಬಿಚ್ಚುವ ಮೊದಲೇ ಶೇಂಗಾ, ಬೆಳ್ಳುಳ್ಳಿ ವಾಸನೆ ಹೊಡೆಯಿತು.

"ಅಟ್ಟ ಹತ್ತಿದ್ಯಾ?"

"ಬೂರೆ" ಅಂದಳು. "ಬಯ್ಯೂ ಹಂಗಿಲ್ಲ."

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಒಂದು ಚಿಟಿಕೆ ನಾಲಿಗೆ ಮೇಲಿಟ್ಟುಕೊಂಡೆ.